ಮೊದಲು ಕೆನ್ನೆ

ಅವತ್ತಿನ ಹದಿನಾಲ್ಕನೆಯ ನಾಣ್ಯವನ್ನು ತಟ್ಟೆಯಿಂದ ಎತ್ತುವ ಮೊದಲೇ ಅದು ಯಾರದೆಂದು ಅವಳಿಗೆ ಗೊತ್ತಾಗಿಬಿಟ್ಟಿತು. ಗೊತ್ತಾಗಬಾರದಿತ್ತು. ನಾಣ್ಯಗಳಿಗೆ ದರ್ಜೆ ಕಟ್ಟುವ ಆ ಕೋಣೆಯ ಕಟ್ಟುಪಾಡೇ ಅದು: ಒಳಗೆ ಬಂದ ನಾಣ್ಯಕ್ಕೆ ಮನೆಯಿಲ್ಲ, ಒಡೆಯನಿಲ್ಲ, ಹಿಂದಿನದೇನೂ ಇಲ್ಲ, ಪ್ಲಾಸ್ಟಿಕ್ ಜೇಬಿನ ಮೇಲೊಂದು ಸಂಖ್ಯೆ ಮಾತ್ರ. ಮುಂದಿನ ಅಂಗಡಿಯಲ್ಲಿ ಅದನ್ನು ಯಾರು ಕಣ್ಣೊರೆಸಿಕೊಳ್ಳುತ್ತ ಕೊಟ್ಟರು, ಯಾರು ಸತ್ತವರ ಪೆಟ್ಟಿಗೆಯ ಬೀಗ ಒಡೆದು ತಂದರು ಎಂಬುದು ಒಳಗೆ ಕೂತ ಮೂವರಿಗೆ ಬೇಡದ ಉಸಾಬರಿ. ಕಿಟಕಿಗೆ ದಪ್ಪ ಪರದೆ. ಮೇಜಿನ ಮೇಲೆ ಕಪ್ಪು ಮಖಮಲ್ಲು. ಒಬ್ಬೊಬ್ಬರ ಎಡಗಡೆಗೆ ಒಂದೊಂದು ದೀಪ, ಬಲಗಡೆಗೆ ಒಂದು ಪೆನ್ಸಿಲ್, ಒಂದು ಕಟ್ಟು ಚೀಟಿ. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಇಪ್ಪತ್ತೆರಡು ವರ್ಷದಿಂದ ಅವಳಿಗೆ ತಿಳಿಯುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಆದರೂ ಅಮೆರಿಕದ ಆ ಹಳೆಯ ಬೆಳ್ಳಿ ಡಾಲರಿನ ಎಡ ಅಂಚಿನಲ್ಲಿ, ಕತ್ತರಿಸಿ ಬಿಸಾಡಿದ ಉಗುರಿನಷ್ಟು ತೆಳ್ಳಗೆ, ಮೊದಲು ಜೇನಿನ ಬಣ್ಣ, ಅದರಾಚೆ ನೇರಳೆ, ಅದರಾಚೆ ನವಿಲುಗರಿಯ ನೀಲಿ ಹತ್ತಿಕೊಂಡಿದ್ದನ್ನು ಕಂಡಾಗ, ಕತ್ತಲಲ್ಲೂ ಕೂಸು ತಾಯ ಸೆರಗು ಗುರುತಿಸುವ ಹಾಗೆ ಅವಳ ಕಣ್ಣು ಅದನ್ನು ಗುರುತಿಸಿತು. ಅಪ್ಪನದು. ಎಷ್ಟೋ ವರ್ಷ ಯಾರ ದೀಪದ ಕೆಳಗೂ ಇಡಗೊಡದೆ, ಮಾರುದೂರದಿಂದ ತೋರಿಸಿ ಮತ್ತೆ ಎದೆಯ ಜೇಬಿಗೆ ಇಳಿಸಿಕೊಳ್ಳುತ್ತಿದ್ದ ನಾಣ್ಯ.

ಮೊನ್ನೆ ಸಂಜೆ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ಅಪ್ಪ ಅವಳ ಮುಂಗೈ ಹಿಡಿದಿದ್ದ. ಡಾಕ್ಟರು ಅತ್ತಿಗೆಯನ್ನು ಬಾಗಿಲಾಚೆ ಕರೆದು ಒಂದು ವಾರ ಅಂದಿದ್ದರಂತೆ. ಅತ್ತಿಗೆ ಅದನ್ನು ಅವಳಿಗೆ ಹೇಳುವಾಗ 'ವಾರವೋ ಹತ್ತು ದಿನವೋ' ಎಂದು ತನ್ನ ಕಡೆಯಿಂದ ಮೂರು ದಿನ ಸೇರಿಸಿದ್ದಳು, ಅಷ್ಟು ಒಳ್ಳೆಯವಳು. 'ಅದು ನಿನ್ನ ಮೇಜಿಗೆ ಬರುತ್ತೆ,' ಅಂದಿದ್ದ ಅಪ್ಪ, ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕಿಕೊಳ್ಳುತ್ತ. 'ನಿಮ್ಮಣ್ಣನ ಕೈಲಿ ಕೊಟ್ಟಿದೀನಿ. ಅದಕ್ಕೊಂದು ನಂಬರ್ ಆಗ್ಲಿ. ನೀನೇ ಬಂದು ಹೇಳ್ಬೇಕು.' 'ಇಷ್ಟು ವರ್ಷ ಇಲ್ದಿದ್ದು ಈಗ್ಯಾಕಪ್ಪ?' 'ನೀನು ನೋಡು ಅಂದೆನಲ್ಲ ಮರಿ.' ಮರಿ ಎಂದು ಅಪ್ಪ ಕರೆದು ಎಷ್ಟು ಕಾಲವಾಗಿತ್ತೆಂದರೆ, ಹಿಂದೆ ಯಾರಾದರೂ ಮಕ್ಕಳು ಬಂದು ನಿಂತಿದ್ದಾರೇನೋ ಎಂದು ಅವಳು ತಿರುಗಿ ನೋಡಿದ್ದಳು. ಬುದ್ಧಿ ಒಂದೊಂದು ಗಳಿಗೆ ನೆಟ್ಟಗಿರುತ್ತೆ, ಒಂದೊಂದು ಗಳಿಗೆ ಇರಲ್ಲ ಎಂದು ಅಣ್ಣ ಹೇಳಿದ್ದ. ಅದು ಯಾವ ಗಳಿಗೆಯಾಗಿತ್ತೋ. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ, ನಿನ್ನೆ ಇಡೀ ದಿನವೂ, ಈಗ ಈ ದೀಪದ ಎದುರೂ ಅವಳು ಅದನ್ನೇ ಮಗುಚಿ ಮಗುಚಿ ನೋಡುತ್ತಿದ್ದಳು. ಅಪ್ಪನಿಗೆ ಬೇಕಿದ್ದದ್ದು ನಂಬರು. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಮಾತು, ಅವಳ ಏಳನೆಯ ವಯಸ್ಸಿನಲ್ಲಿ ಬರಬೇಕಾಗಿದ್ದದ್ದು. ಆ ಮಾತು ಹೇಳದೆ ಈ ಮನುಷ್ಯ ಹೋಗಿಬಿಟ್ಟರೆ ಮಿಕ್ಕ ಬದುಕೆಲ್ಲ ಅವಳು ಯಾರ ಬಾಯಿ ನೋಡಿಕೊಂಡು ಕೂರಬೇಕು?

ಮೊದಲು ಕೆನ್ನೆ ನೋಡು. ಈ ಕಸುಬಿನಲ್ಲಿ ಅಪ್ಪ ಕಲಿಸಿದ ಮೊದಲ ಪಾಠ ಅದು. ಡಾಲರಿನ ಮೇಲಿರುವುದು ಒಬ್ಬ ಹೆಂಗಸಿನ ಮುಖ, ಪಕ್ಕದಿಂದ ಕಂಡದ್ದು. ಗುಂಗುರು ಕೂದಲು, ತಲೆಗೊಂದು ಟೊಪ್ಪಿ, ಬರಿಯ ಕೆನ್ನೆ. ಕೂದಲಲ್ಲಿ ಹತ್ತು ಗೀರು ಬಿದ್ದರೂ ಅಡಗುತ್ತದೆ. ಹಿಂಬದಿಯ ಹದ್ದಿನ ಗರಿಯಲ್ಲಿ ನೂರು ಬಿದ್ದರೂ ಯಾರೂ ಕೇಳುವುದಿಲ್ಲ. ಕೆನ್ನೆಯ ಮೇಲೆ ಸಾಸಿವೆಯಷ್ಟು ಗಾಯ ಸಾಕು, ಅರವತ್ತಾರು ಆಗಬೇಕಾದದ್ದು ಅರವತ್ತಮೂರಕ್ಕೆ ಧೊಪ್ಪನೆ ಬೀಳುತ್ತದೆ. ಎಪ್ಪತ್ತಕ್ಕೆ ಎಪ್ಪತ್ತು ದೇವರಿಗೆ ಮಾತ್ರ, ಅರವತ್ತು ದಾಟಿತು ಅಂದರೆ ಯಾರ ಕೈಯಲ್ಲೂ ಸವೆಯದ ಕನ್ಯೆ ಎಂದು ಅಪ್ಪನೇ ನಗುತ್ತ ಹೇಳುತ್ತಿದ್ದ. ಮೇಜಿನ ಸುತ್ತ ಕೂತ ಗಂಡಸರೂ ನಗುತ್ತಿದ್ದರು. ಸವೆಯದಿದ್ದರೂ ಗಾಯವಿರುತ್ತದೆ, ಯಾಕೆಂದರೆ ಟಂಕಸಾಲೆಯಲ್ಲಿ ಒಂದೊಂದು ಚೀಲಕ್ಕೆ ಸಾವಿರ ಡಾಲರು ತುಂಬಿ, ಎತ್ತಿ ಎಸೆದು, ಕಟ್ಟೆಯ ಮೇಲೆ ಕೆಡವಿ, ಮತ್ತೆ ಎತ್ತಿ ಸಾಗಿಸುತ್ತಿದ್ದರು. ಒಳಗೆ ಒಂದರ ಅಂಚು ಇನ್ನೊಂದರ ಮುಖ ಕಚ್ಚುತ್ತಿತ್ತು. ಅದಕ್ಕೆ ಚೀಲದ ಗಾಯ ಎಂದು ಹೆಸರು. ಚೀಲದ ಗಾಯಕ್ಕೆ ಮಾಫಿಯಿದೆ. ಅದು ಯಾರ ತಪ್ಪೂ ಅಲ್ಲ ಎನ್ನುತ್ತಾರೆ. ಎಂಥ ಮಾತು ಅದು, ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ಚೀಲ ತುಂಬಿದ ಕೈಯೊಂದಿರಲಿಲ್ಲವೇ, ಎತ್ತಿ ಎಸೆದ ತೋಳೊಂದಿರಲಿಲ್ಲವೇ? ಒಳಗೆ ಒಬ್ಬರಿಗೊಬ್ಬರು ಮುಖ ಕೊಯ್ದುಕೊಳ್ಳುವ ಹಾಗೆ ಇರುಕಿ ಬಾಯಿ ಕಟ್ಟಿದವನು ಹೊರಗೆ ನಿಂತು ಬೆವರೊರೆಸಿಕೊಳ್ಳುತ್ತಾನೆ, ಅವನ ತಪ್ಪಲ್ಲ. ಕ್ಷಮೆಯೇ ಇಲ್ಲದ್ದು ಇನ್ನೊಂದು: ಉಜ್ಜಿದ್ದು. ಕೊಳೆಯಾಗಿದೆ ಎಂದು ಪ್ರೀತಿಯಿಂದ ಬಟ್ಟೆ ತೆಗೆದುಕೊಂಡು ಒರೆಸಿದಿರೋ, ಮುಗಿಯಿತು. ಬಟ್ಟೆಯ ನೂಲು ಬೆಳ್ಳಿಯ ಮೇಲೆ ಕೂದಲಿಗಿಂತ ಸಣ್ಣ ಗೀರು ಎಳೆದುಬಿಡುತ್ತದೆ, ಟಂಕದ ಏಟಿಗೆ ಹುಟ್ಟಿದ ಹೊಳಪು ಸಾಯುತ್ತದೆ. ಉಜ್ಜಿದ ನಾಣ್ಯಕ್ಕೆ ನಂಬರೇ ಇಲ್ಲ. ಚೀಟಿಯ ಮೇಲೆ ಆ ಮೂರಕ್ಷರ ಬರೆದು ತಟ್ಟೆಯಿಂದಾಚೆ ತಳ್ಳುತ್ತಾರೆ.

'ಏನ್ ಲೆನ್ಸಕ್ಕ, ಒಂದರ ಮೇಲೇ ಕಾವು ಕೂತುಬಿಟ್ರಿ? ಮರಿ ಹೊರಗೆ ಬರುತ್ತೇನೋ ನೋಡಿ,' ಅಂದ ಎದುರಿಗೆ ಕೂತ ಹಲ್ಲುಕಡ್ಡಿ. ಊಟ ಮಾಡಿರಲಿ ಬಿಡಲಿ, ಬಾಯಲ್ಲಿ ಕಡ್ಡಿಯಿಲ್ಲದೆ ಅವನನ್ನು ಕಂಡವರಿಲ್ಲ. ಲೆನ್ಸಕ್ಕ ಎಂಬುದೂ ಅವನೇ ಇಟ್ಟ ಹೆಸರು. ಈಗ ಅಂಗಡಿ ಗುಡಿಸುವವಳೂ ಹಾಗೇ ಕರೆಯುತ್ತಾಳೆ.

'ನಿಮ್ಮದಾಯ್ತಾ?' ಅಂದಳು.

'ನಂದು ಯಾವಾಗ್ಲೋ ಆಯ್ತು. ಇಂಥಾದ್ದನ್ನ ನೋಡಕ್ಕೆ ಲೆನ್ಸ್ ಯಾಕೆ, ಹೆಂಡ್ತಿ ಕನ್ನಡಕ ಸಾಕು.' ಚೀಟಿಯನ್ನು ಬೋರಲು ಹಾಕಿ ಅದರ ಮೇಲೆ ಬೆರಳು ಬಡಿದ. ಮೂರೂ ಚೀಟಿ ಬೋರಲು ಬಿದ್ದ ಮೇಲೆಯೇ ಒಟ್ಟಿಗೆ ಮಗುಚಬೇಕು. ಒಬ್ಬರ ಮಾತಿಗೆ ಇನ್ನೊಬ್ಬರ ಕಣ್ಣು ಸೋಲದಿರಲಿ ಎಂದು ಆ ನೇಮ ಮಾಡಿದವನೂ ಅಪ್ಪನೇ, ಈ ಕುರ್ಚಿಯಲ್ಲೇ ಕೂತು. ಮೂರನೆಯವನಾದ ಮಾಲೀಕನೂ ಬರೆದಾಗಿತ್ತು. ಅವನು ನಾಣ್ಯ ನೋಡುವ ರೀತಿಯೇ ಬೇರೆ, ಹೊಸ ಚಪ್ಪಲಿ ಕೊಳ್ಳುವವರಂತೆ ಒಂದು ಸಲ ಬಗ್ಗಿಸಿ, ಒಂದು ಸಲ ಮೂಸಿ. 'ಕೆನ್ನೆ ಅಂದ್ರೆ ಅದಮ್ಮ ಕೆನ್ನೆ. ಬೆಣ್ಣೆ!' ಎಂದು ನೇಮ ಮರೆತು ಅಂದುಬಿಟ್ಟ. ಅಂದವನು ಅವಳ ಕಡೆ ನೋಡಿದ, ನೋಡಿದ ಕಣ್ಣು ಅವಳ ಎಡಗೆನ್ನೆಯ ಮೇಲೆ ಕಾಲಿಟ್ಟು ಜಾರಿ ಗೋಡೆಗೆ ಹೋಯಿತು. ಈ ಜಾರುವಿಕೆ ಅವಳಿಗೆ ಹೊಸದಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ತರಕಾರಿಯವಳ ಮುಂದೆ, ಒಂದೇ ಅಳತೆಯಲ್ಲಿ ಜಾರುವ ಕಣ್ಣುಗಳು: ಒಂದು ಕ್ಷಣ ಆ ಕಿವಿಯ ಬುಡದಿಂದ ತುಟಿಯ ಮೂಲೆಯವರೆಗೆ ಬಂದ ಹಳೆಯ ಗಾಯದ ಗೆರೆ, ಮರುಕ್ಷಣ ಗೋಡೆ. ಗೋಡೆಗಳನ್ನು ಲೋಕ ನೋಡಿದ್ದು ಅವಳ ದಯೆಯಿಂದಲೇ ಇರಬೇಕು.

ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ, ಮುಖಕ್ಕೆ ಉಸಿರೂ ತಾಗದಂತೆ ದೀಪದ ಕೆಳಗೆ ಓರೆ ಮಾಡಿದಳು. ಹೊಳಪು ಜೀವಂತವಿದ್ದರೆ ಬೆಳಕು ಗಾಡಿಯ ಚಕ್ರದ ಹಾಗೆ ತಿರುಗುತ್ತದೆ. ಅಂಚಿನಿಂದ ಹೊರಟ ಕಂಬಿಗಳು ಕೂದಲ ಮೇಲೆ, ಹಣೆಯ ಮೇಲೆ, ಕುತ್ತಿಗೆಯ ಮೇಲೆ ಓಡುತ್ತವೆ. ಓಡಿದವು. ಕೆನ್ನೆಗೆ ಬಂದಾಗ ಅರೆಗಳಿಗೆ ನಿಂತವು. ಕೆಸರಿಗೆ ಬಿದ್ದ ಚಕ್ರ ಒಂದು ಸಲ ಹೂಂಗುಟ್ಟಿ ಎದ್ದ ಹಾಗೆ. ಮತ್ತೆ ಓರೆ ಮಾಡಿದಳು. ಮತ್ತೆ ನಿಂತವು. ಬೆಣ್ಣೆಯಂತೆ ಕಂಡದ್ದು ಬೆಣ್ಣೆಯೇ, ಬೆಳ್ಳಿಯಲ್ಲ. ಬೆಳ್ಳಿಯ ಮೇಲೆ ಯಾರೋ ಮೆತ್ತಿದ್ದು. ಪುಟ್ಟಿ. ಮೇಣದ ಜೊತೆ ಇನ್ನೇನೋ ಅರೆದು, ಉಸಿರಿನಷ್ಟು ತೆಳ್ಳಗೆ ಹಚ್ಚಿ, ಬೆರಳ ತುದಿಯಿಂದ ತೀಡಿ ಗಾಯ ಮುಚ್ಚುವ ಕಳ್ಳಗೆಲಸ. ಅಪ್ಪ ಇಂಥವರನ್ನು ಎಷ್ಟು ಬೈಯುತ್ತಿದ್ದ! ಹೆಣಕ್ಕೆ ಪೌಡರ್ ಬಳಿಯೋ ನನ್ನಮಕ್ಕಳು ಅನ್ನುತ್ತಿದ್ದ.

ಪೆನ್ಸಿಲ್ ಎತ್ತಿಕೊಂಡಳು. ಅರವತ್ತಾರು ಎಂದು ಬರೆಯಬಹುದಿತ್ತು. ಎರಡು ಅಂಕಿ. ಮೂರು ಚೀಟಿ ಬಹುಶಃ ಒಂದೇ ಆಗುತ್ತಿತ್ತು, ನಾಣ್ಯ ಗಟ್ಟಿ ಪೆಟ್ಟಿಗೆಯೊಳಗೆ ಮುಚ್ಚಿಕೊಂಡು ಹೊರಡುತ್ತಿತ್ತು, ಸಂಜೆ ಅವಳು ಹಾಸಿಗೆಯ ಪಕ್ಕ ಕೂತು ಹೇಳುತ್ತಿದ್ದಳು, ಒಬ್ಬ ಮುದುಕ ಸುಖವಾಗಿ ಕಣ್ಣು ಮುಚ್ಚುತ್ತಿದ್ದ. ಬೆಳಗ್ಗೆ ಚಹಾಕ್ಕೆ ಎದ್ದು ಮೊಗಸಾಲೆಗೆ ಹೋದಾಗ ಅಣ್ಣ ಫೋನಿನಲ್ಲಿ ಅದನ್ನೇ ಹೇಳಿದ್ದ. 'ಏ, ಅದೇನು ಅಷ್ಟು ಯೋಚ್ನೆ? ಅಪ್ಪ ಅಂದ್ಕೊಂಡಿರೋ ಅರವತ್ತಾರನ್ನೇ ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?' 'ಇನ್ನೂ ನನ್ನ ಕೈಗೆ ಬಂದಿಲ್ಲ ಅಣ್ಣ.' 'ಬಂದಾಗ ಅನ್ನು. ಸಾಯೋ ಮನುಷ್ಯನ ಹತ್ರ ನಿನ್ನ ಸತ್ಯ ಹರಿಶ್ಚಂದ್ರನ ಆಟ ಬೇಡ, ಹೇಳಿದೀನಿ.' ಅಣ್ಣ ಕೆಟ್ಟವನಲ್ಲ. ಅವನ ಎರಡು ಕೆನ್ನೆಯೂ ನೆಟ್ಟಗಿವೆ, ಅಷ್ಟೆ. ಅಂಥವರಿಗೆ ಸುಳ್ಳು ಅಗ್ಗ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವಳ ಅಪ್ಪ ಆ ಗಾದೆಗೂ ಲೆನ್ಸ್ ಹಿಡಿದವನು. ಇಪ್ಪತ್ತೈದು ತುಂಬಿದ ವರ್ಷ ಅವಳನ್ನು ಈ ಅಂಗಡಿಗೆ ಕರೆತಂದಾಗ, ಈಗಿನ ಮಾಲೀಕನ ತಂದೆ ಇನ್ನೂ ಇದ್ದರು. ದೊಡ್ಡ ಯಜಮಾನರು ಅಕ್ಕರೆಯಿಂದ, 'ಓದಿದ ಹುಡುಗಿ, ಮಾತು ಚೆನ್ನಾಗಿದೆ, ಮುಂದಿನ ಕೌಂಟರಿನಲ್ಲಿ ಕೂರಲಿ,' ಅಂದಿದ್ದರು. ಅವಳು ಪರದೆಯ ಈಚೆ ನಿಂತಿದ್ದಳು, ಹೊಸ ಸೀರೆಯ ನೆರಿಗೆ ಹಿಡಿದುಕೊಂಡು. ಪರದೆಯ ಆಚೆ ಅಪ್ಪನ ದನಿ ಕೇಳಿಸಿತು, ತಟ್ಟೆಯ ಮೇಲಿನ ಯಾವುದೋ ನಾಣ್ಯದ ಬಗ್ಗೆ ಹೇಳುವ ಅದೇ ನಿರುಮ್ಮಳ ದನಿ. 'ಮುಂದೆ ಬೇಡ ಯಜಮಾನ್ರೆ, ಒಳಗೆ ಕೂರಿಸಿ. ಗ್ರೇಡ್ ಇದೆ, ಕಣ್ಣಿಗೆ ಹಿಡಿಯಲ್ಲ.' ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ಅವಳು ಜಗಳವಾಡಬಹುದಿತ್ತು. ನಾಣ್ಯಗಳಲ್ಲಿ ಅಂಥವಿರುತ್ತವೆ: ಎಣಿಸಿದರೆ ಗೀರು ಕಡಿಮೆ, ಅಚ್ಚು ಗಟ್ಟಿ, ಆದರೆ ಕೈಗೆತ್ತಿಕೊಂಡವನಿಗೆ ಮತ್ತೊಮ್ಮೆ ನೋಡಬೇಕು ಅನ್ನಿಸುವುದಿಲ್ಲ. ತಜ್ಞರು ಅದಕ್ಕೆ ಅರ್ಧ ನಂಬರು ಕಡಿಯುತ್ತಾರೆ. ಯಾರ ಕಣ್ಣಿಗೆ ಹಿಡಿಯಬೇಕು, ಆ ಕಣ್ಣಿಗೆ ಗ್ರೇಡು ಕೊಟ್ಟವರು ಯಾರು ಎಂದು ಯಾವ ತಜ್ಞನೂ ಕೇಳಿದ್ದಿಲ್ಲ. ಅವಳು ಒಳಗೆ ಕೂತಳು. ಇಪ್ಪತ್ತೆರಡು ವರ್ಷ ಕೂತಳು. ಲಕ್ಷ ಹೆಂಗಸರ ಕೆನ್ನೆಗೆ ದೀಪ ಹಿಡಿದು ಇದು ಪಾಸು ಇದು ನಪಾಸು ಎಂದು ಬರೆದಳು, ತನ್ನನ್ನು ಕತ್ತಲಿಗೆ ತಳ್ಳಿದ ಅದೇ ಕಣ್ಣನ್ನು ತನ್ನ ಹಣೆಯ ಕೆಳಗೆ ಇಟ್ಟುಕೊಂಡು. ಅವನಿಗಿಂತ ಚೆನ್ನಾಗಿ. ನಾಚಿಕೆಯಾಗಬೇಕಾದ್ದು ಅದಕ್ಕೆ.

ಚೀಟಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರೆದು ಬೋರಲು ಹಾಕಿದಳು.

ಮಗುಚಿದಾಗ ಹಲ್ಲುಕಡ್ಡಿಯದು ಅರವತ್ತಾರು, ಮಾಲೀಕನದು ಅರವತ್ತಾರು. 'ಮೊಸರಲ್ಲಿ ಕಲ್ಲು ಹುಡುಕೋದು ಅಂದ್ರೆ ಇದೇ ನೋಡಿ,' ಅಂದ ಮಾಲೀಕ. 'ಏನಮ್ಮ ನಿಮ್ಮ ಅನುಮಾನ?'

'ಕೆನ್ನೆ ಮೇಲೆ ಚಕ್ರ ನಿಲ್ಲುತ್ತೆ ಸಾರ್. ಪುಟ್ಟಿ.'

'ಪುಟ್ಟಿನೂ ಇಲ್ಲ ಕುಕ್ಕೆನೂ ಇಲ್ಲ. ಇಬ್ರಿಗೆ ಕಾಣದ್ದು ನಿಮಗೊಬ್ರಿಗೆ ಕಾಣುತ್ತಾ?'

'ಒಬ್ಬರು ಕೇಳಿದ್ರೂ ಸ್ನಾನ ಮಾಡಿಸ್ಬೇಕು ಅಂತ ನೇಮ ಇದೆಯಲ್ಲ ಸಾರ್.'

'ನೇಮ ನಿಮ್ಮಪ್ಪಂದು!' ಎಂದು ಮಾಲೀಕ ನಕ್ಕ. ನಕ್ಕವನು ನಗುವಿನ ನಡುವೆ ಎಲ್ಲೋ ಎಡವಿದಂತೆ ನಿಂತು ನಾಣ್ಯವನ್ನು, ಅದರ ಎಡ ಅಂಚಿನ ನೀಲಿಯನ್ನು, ಇನ್ನೊಮ್ಮೆ ನೋಡಿದ. ಗಾಜಿನ ಬಟ್ಟಲು, ಅಸಿಟೋನಿನ ಬಾಟಲಿ ಇದ್ದ ಕಪಾಟಿನ ಬೀಗದಕೈಯನ್ನು ಮಖಮಲ್ಲಿನ ಮೇಲೆ ಅವಳ ಕಡೆಗೆ ಸರಿಸಿದ.

ಅಸಿಟೋನ್ ಬೆಳ್ಳಿಗೆ ಏನೂ ಮಾಡುವುದಿಲ್ಲ. ಮನುಷ್ಯರು ಮೆತ್ತಿದ್ದನ್ನು ಮಾತ್ರ ಬಿಡಿಸುತ್ತದೆ. ಉಗುರಿನ ಬಣ್ಣ ತೆಗೆಯುವಾಗಿನ ಘಾಟು ಮೂಗಿಗೆ ಹತ್ತಿತು. ಬಟ್ಟಲಿನಲ್ಲಿ ಮಲಗಿದ ಆ ಮುಖದಿಂದ ಹಾಲು ಒಡೆದ ಹಾಗೆ ಒಂದು ಎಳೆ ಎದ್ದು, ಸುಳಿದು, ಕರಗಿತು. ಇಕ್ಕಳದಲ್ಲಿ ಅಂಚು ಹಿಡಿದು ಎತ್ತಿ, ಆರಲು ಬಿಟ್ಟು, ದೀಪದ ಕೆಳಗೆ ತಂದು ಲೆನ್ಸ್ ಕಣ್ಣಿಗಿಟ್ಟಳು. ಚೀಲದ ಗಾಯ ಇರಬಹುದು ಎಂದುಕೊಂಡಿದ್ದಳು. ಒಂದು ಗುದ್ದು, ಒಂದು ಕಚ್ಚು. ಇರಲಿಲ್ಲ. ಕೆನ್ನೆಯ ತುಂಬ ಕೂದಲಿಗಿಂತ ಸಣ್ಣ ಗೀರುಗಳು, ಒಂದರ ಮೇಲೊಂದು, ಸುತ್ತು ಸುತ್ತಾಗಿ. ಯಾರೋ ಉಜ್ಜಿದ್ದಾರೆ. ದೊಡ್ಡವರು ಉಜ್ಜಿದರೆ ಗೀರು ಆ ಕಡೆಯಿಂದ ಈ ಕಡೆಗೆ ಉದ್ದಕ್ಕೆ ಓಡುತ್ತದೆ, ಇಡೀ ನಾಣ್ಯದ ಮೇಲೆ. ಇದು ಕೆನ್ನೆಯೊಂದರ ಮೇಲೆ, ಸುತ್ತುಗಳು ಕಡಲೆಕಾಳಿನಷ್ಟು ಚಿಕ್ಕವು. ಅಷ್ಟು ಚಿಕ್ಕ ಬೆರಳ ತುದಿ. ಅಷ್ಟು ಚಿಕ್ಕ ಬೆರಳು.

ಏಳನೆಯ ವಯಸ್ಸಿನ ಆ ಫ್ರಾಕು ಹಳದಿಯದು, ಒರಟು ಬಟ್ಟೆಯದು, ಅಂಚಿಗೆ ಹೊಲಿಗೆ ಬಿಚ್ಚಿದ್ದು. ಅಪ್ಪ ಸ್ನಾನಕ್ಕೆ ಹೋಗಿದ್ದ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ನಡುವೆ ಒಂದೇ ಒಂದು ಡಾಲರು, ಆಗ ಅದಕ್ಕೆ ನೀಲಿಯೂ ಇರಲಿಲ್ಲ ನೇರಳೆಯೂ ಇರಲಿಲ್ಲ, ಬೆಳ್ಳಂಬೆಳಕು. ಆ ಹೆಂಗಸಿನ ಕೆನ್ನೆಯ ಮೇಲೊಂದು ಕಂದು ಮಚ್ಚೆ, ಅಮ್ಮನ ಮುಖದ ಬಂಗಿನ ಹಾಗೆ. ಅಪ್ಪ ದಿನಾ ಇವಳನ್ನು ಇಷ್ಟು ಹೊತ್ತು ನೋಡುತ್ತಾನೆ, ಮುಖ ತೊಳೆಸುವವರು ಮಾತ್ರ ಯಾರೂ ಇಲ್ಲ ಎಂದು ಅವಳಿಗೆ ಪಾಪ ಅನಿಸಿತ್ತು. ಫ್ರಾಕಿನ ತುದಿಗೆ ಎಂಜಲು ಮಾಡಿಕೊಂಡು, ಅಮ್ಮ ತನಗೆ ಮಾಡುವ ಹಾಗೇ, ಗಲ್ಲ ಹಿಡಿದು, ಮೆಲ್ಲಗೆ ಸುತ್ತ ಸುತ್ತ ಒರೆಸಿದ್ದಳು. ಮಚ್ಚೆ ಹೋಯಿತು. 'ಅಪ್ಪ, ನೋಡು ನೋಡು!' ಎಂದು ಕೂಗಿದ್ದಳು. ಒದ್ದೆ ತಲೆಯಲ್ಲಿ ಅಪ್ಪ ಬಂದು ನಿಂತದ್ದು ನೆನಪಿದೆ, ಅವನ ಕೂದಲಿನಿಂದ ತೊಟ್ಟಿಕ್ಕಿದ ಒಂದು ಹನಿ ತನ್ನ ಕಾಲಿನ ಮೇಲೆ ತಣ್ಣಗೆ ಬಿದ್ದದ್ದು ನೆನಪಿದೆ, ಕೈ ಬಂದದ್ದು ನೆನಪಿಲ್ಲ. ಕಬ್ಬಿಣದ ಪೆಟ್ಟಿಗೆಯ ಮೂಲೆ ನೆನಪಿದೆ. ಹಳದಿಯ ಮೇಲೆ ಕೆಂಪು ಅಷ್ಟು ಬೇಗ ಹರಡುತ್ತದೆಂದು ಕಂಡದ್ದು ನೆನಪಿದೆ. ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅಮ್ಮ ಅವಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ ಪಾಠ ಹೇಳಿಸಿದ್ದಳು. 'ಏನಾಯ್ತು ಮಗು ಅಂತ ಯಾರಾದ್ರೂ ಕೇಳಿದ್ರೆ?' 'ಅಪ್ಪ...' 'ಊಹೂಂ. ಏನಾಯ್ತು?' 'ಆಡ್ತಾ ಬಿದ್ದೆ.' 'ಜಾಣೆ. ಇನ್ನೊಂದ್ಸಲ. ಏನಾಯ್ತು?' 'ಆಡ್ತಾ ಬಿದ್ದೆ.' ಅಮ್ಮ ಅಳುತ್ತ ಹೇಳಿಸಿದ್ದಳು, ಮಗ್ಗಿ ಹೇಳಿಸಿದ ಹಾಗೆ. ಶಾಲೆಯಲ್ಲಿ, ಮದುವೆಮನೆಗಳಲ್ಲಿ, ಅರ್ಜಿಯಲ್ಲಿ ಗುರುತಿನ ಚಿಹ್ನೆ ಬರೆಯುವಲ್ಲಿ, ಅಮ್ಮ ಸತ್ತ ದಿನ ಬಂದ ಯಾರೋ ದೂರದ ಅಜ್ಜಿ ಕೇಳಿದಾಗಲೂ, ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿದೆ, ಆಡ್ತಾ ಬಿದ್ದೆ.

ಆ ನಾಣ್ಯವನ್ನು ಕರಗಿಸಿಬಿಟ್ಟೆ ಎಂದಿದ್ದ ಅಪ್ಪ. 'ನಿನ್ನಿಂದ,' ಅಂದಿದ್ದ. ಅದನ್ನು ಅವಳು ನಂಬಿದ್ದಳು. ಇಡೀ ಬದುಕು ನಂಬಿದ್ದಳು. ಒಂದು ಮುಖ ತನ್ನ ಕೈಯಿಂದ ಬೆಂಕಿಗೆ ಹೋಯಿತು, ಅದಕ್ಕೆ ತನ್ನದೊಂದು ಮುಖ ತೆತ್ತೆ, ನ್ಯಾಯವೇ ಇರಬೇಕು ಎಂದು ರಾತ್ರಿ ಹಗಲು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮುಂದೆ ಯಾವಾಗಲೋ ಅಪ್ಪನ ಎದೆಯ ಜೇಬಿನಲ್ಲಿ ಈ ನೀಲಿ ಅಂಚಿನದು ಕಾಣಿಸಿಕೊಂಡಾಗ ಅದು ಬೇರೆಯದೆಂದೇ ತಿಳಿದಳು. ಬೇರೆಯದಲ್ಲ. ಕರಗಿಸಿರಲಿಲ್ಲ. ಕಾಗದದ ಲಕೋಟೆಯಲ್ಲಿಟ್ಟು, ಅದು ನಿಧಾನ ಬಣ್ಣವೇರಿಸಿಕೊಳ್ಳುವವರೆಗೆ ಕಾದು, ತಾನು ಯಾರನ್ನು ನನ್ನಮಕ್ಕಳೆಂದು ಬೈಯುತ್ತಿದ್ದನೋ ಅವರ ಕೆಲಸವನ್ನು ತಾನೇ ಮಾಡಿ, ಕೆನ್ನೆಯ ಮೇಲಿನ ಮಗುವಿನ ಬೆರಳನ್ನು ಮುಚ್ಚಿದ್ದ. ಮಾರಲಿಲ್ಲ. ಯಾರ ದೀಪಕ್ಕೂ ಒಡ್ಡಲಿಲ್ಲ. ಎದೆಯ ಮೇಲೆ ಇಟ್ಟುಕೊಂಡು ಓಡಾಡಿದ. ಆ ಬೆಳ್ಳಿಯ ಹೆಂಗಸಿನ ಗೀರಿಗೆ ಇಷ್ಟು ಮೇಣ, ಇಷ್ಟು ತಾಳ್ಮೆ, ಇಷ್ಟು ಮೃದುವಾದ ಬೆರಳು ಇದ್ದವಲ್ಲ ಇವನ ಬಳಿ! ಅದೇ ಮನೆಯಲ್ಲಿ, ಅದೇ ತಟ್ಟೆಯಲ್ಲಿ ಉಂಡುಕೊಂಡು ಬೆಳೆದ ಮಗಳ ಕೆನ್ನೆಯನ್ನು ಹಾಗೇ ಬಿಟ್ಟ, ಲೋಕ ನೋಡಿ ಗೋಡೆಗೆ ತಿರುಗಲಿ ಎಂದು. ಈಗ ಯಾಕೆ ಕಳಿಸಿದ? ಇವಳ ಕಣ್ಣನ್ನೂ ವಂಚಿಸಬಲ್ಲೆನೆಂಬ ಕಡೆಯ ಜಂಬಕ್ಕೋ? ಅಥವಾ ಈ ಕಣ್ಣಿಗೆ ಕಂಡೇ ಕಾಣುತ್ತದೆ, ಬಾಯಲ್ಲಿ ಹೇಳಲಾಗದ್ದನ್ನು ಇವಳೇ ಓದಿಕೊಳ್ಳಲಿ ಎಂದೋ? ಕೇಳಲೇಬೇಕು. ಇವತ್ತೇ ಕೇಳಬೇಕು.

'ಅಬ್ಬ, ಏನ್ ಕೈ ಮಾರಾಯ,' ಎಂದು ಹಲ್ಲುಕಡ್ಡಿ ಲೆನ್ಸ್ ತೆಗೆದ. ಬಾಯಿಯಿಂದ ಕಡ್ಡಿಯನ್ನೂ ತೆಗೆದಿದ್ದ. 'ಇಷ್ಟು ತೆಳ್ಳಗೆ ಮೆತ್ತಕ್ಕೆ ಯಾವನಿಗೆ ಬರುತ್ತೆ?' ಮಾಲೀಕ ಮೂರು ಚೀಟಿಗಳನ್ನೂ ಹರಿದ. ಹೊಸ ಚೀಟಿಯಲ್ಲಿ ಅವಳೇ ಬರೆದಳು: ಉಜ್ಜಿದ್ದು. ನಾಣ್ಯವನ್ನು ಪ್ಲಾಸ್ಟಿಕ್ ಜೇಬಿಗೆ ಹಾಕಿ ಅವಳ ಮುಂದಿಟ್ಟು ಮಾಲೀಕ ಅಂದ: 'ನೀವೇ ತಗೊಂಡು ಹೋಗಿ ಕೊಟ್ಬಿಡಿ. ಇವತ್ತು ಇಲ್ಲಿ ಇನ್ನು ಕೆಲ್ಸ ಬೇಡ.' ಅವನಿಗೆ ಗೊತ್ತಾಗಿತ್ತು. ಅವನ ಕಣ್ಣು ಈ ಸಲ ಅವಳ ಕೆನ್ನೆಯ ಮೇಲೆ ಜಾರದೆ ನಿಂತಿತು. ಅವಳೇ ಗೋಡೆ ನೋಡಿದಳು.

ಹೊರಗೆ ಮೂರು ಗಂಟೆಯ ಬಿಸಿಲು. ಬಸ್ಸಿನಲ್ಲಿ ಕಿಟಕಿಯ ಪಕ್ಕ, ಎಡಗೆನ್ನೆ ಗಾಜಿನ ಕಡೆಗೆ ಬರುವಂತೆ ಕೂತಳು, ಅದೂ ಬಾಯಿಪಾಠವೇ. ಅಪ್ಪ, ನೀನು ಹೊಡೆದೆ. ಅಪ್ಪ, ನಾನು ಬೀಳಲಿಲ್ಲ, ನೀನು ಹೊಡೆದೆ. ತುಟಿಯಲ್ಲೇ ಹೇಳಿಕೊಂಡಳು, ಒಂದು ಸಲ, ಇನ್ನೊಂದು ಸಲ, ಅಮ್ಮ ಹೇಳಿಸಿದಷ್ಟು ಸಲ. ಎದುರು ಸೀಟಿನ ಮಗುವೊಂದು ತಾಯಿಯ ಹೆಗಲ ಮೇಲಿಂದ ಅವಳನ್ನೇ ದಿಟ್ಟಿಸಿತು, ಜಾರದ ಕಣ್ಣಿನಿಂದ.

ಅತ್ತಿಗೆ ಬಾಗಿಲು ತೆಗೆದು, 'ಬನ್ನಿ ಬನ್ನಿ, ಬೆಳಗ್ಗಿಂದ ನಿಮ್ದೇ ಜಪ. ಬಂದ್ಲಾ ಬಂದ್ಲಾ ಅಂತ ನನ್ನ ಪ್ರಾಣ ತಿಂದಿದಾರೆ,' ಅಂದಳು. 'ಮಧ್ಯಾಹ್ನ ನನ್ನನ್ನೇ ಅತ್ತೆ ಅಂದ್ಕೊಂಡು ಬೈದ್ರು. ಬೈಸ್ಕೊಂಡೆ. ಅತ್ತೆ ಇನ್ನೆಲ್ಲಿಂದ ಬಂದು ಬೈಸ್ಕೋತಾರೆ, ಪಾಪ.' ಹಿಂದಿನ ಕೋಣೆಯ ಕಿಟಕಿಯಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಅಪ್ಪ ಎರಡು ದಿಂಬಿಗೆ ಒರಗಿ ಕೂತಿದ್ದ. ಕಣ್ಣು ತಿಳಿಯಾಗಿದ್ದವು.

'ನೋಡಿದ್ಯಾ?'

'ನೋಡ್ದೆ ಅಪ್ಪ.'

'ಎಷ್ಟು?'

ಅವಳು ಅವನ ಅಂಗೈಯಲ್ಲಿ ನಾಣ್ಯವಿಟ್ಟಳು. 'ನಂಬರಿಲ್ಲ ಅಪ್ಪ. ಉಜ್ಜಿದ್ದು.'

'ಉಜ್ಜಿದ್ದಾ?' ದನಿಯಲ್ಲಿ ಹಳೆಯ ಯಜಮಾನಿಕೆ ತಟ್ಟನೆ ಎದ್ದಿತು. 'ಯಾವ ಕತ್ತೆ ಉಜ್ಜಿದ್ದು?'

ಬಾಗಿಲಲ್ಲಿ ನಿಂತ ಅತ್ತಿಗೆ ಕಿಸಕ್ಕೆಂದು ನಕ್ಕು, ಅವಳ ಮುಖ ನೋಡಿ, ನಗು ನುಂಗಿಕೊಂಡು ಒಳಗೆ ಹೋದಳು.

'ಕತ್ತೆ ಅಲ್ಲಪ್ಪ. ಒಂದು ಮಗು. ಏಳು ವರ್ಷದ್ದು.'

'ಮಗೂನಾ?'

'ಹೂಂ. ಇವಳ ಮುಖ ಕೊಳೆಯಾಗಿದೆ ಅಂದ್ಕೊಂಡು ಒರೆಸ್ತು. ಅಪ್ಪ ನೋಡಿ ಖುಷಿಪಡ್ತಾನೆ ಅಂತ.'

ಅಪ್ಪ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿದ. ಹಿಡಿತ ಇನ್ನೂ ತಪ್ಪಿರಲಿಲ್ಲ. ಬಹಳ ಹೊತ್ತು ನೋಡಿದ. ಕಣ್ಣಿನ ತಿಳಿ ನೋಡನೋಡುತ್ತಲೇ ಕದಡಿತೋ, ಅಥವಾ ಕದಡಿದ ಹಾಗೆ ಅವನು ಮಾಡಿಕೊಂಡನೋ, ಸಾಯುವವರೆಗೂ ಅವಳಿಗೆ ತಿಳಿಯಲಾರದು.

'ಹೊಡೆದ್ರಾ ಅದಕ್ಕೆ?' ಅಂದ.

'ಹೊಡೆದ್ರು.'

'ಪಾಪ,' ಅಂದ ಅಪ್ಪ.

ನಲವತ್ತು ವರ್ಷ ಕಾದ ಮಾತು ಬಂತು. ಬಂದು, ಪಕ್ಕದ ಮನೆಯ ಬಾಗಿಲು ತಟ್ಟಿ, ಅಲ್ಲೇ ಕೂತುಬಿಟ್ಟಿತು. ಅವಳು ಬಾಯಿ ತೆರೆದಳು, ಬಸ್ಸಿನುದ್ದಕ್ಕೂ ಕಲಿತದ್ದನ್ನು ಹೇಳಲು. ಅಷ್ಟರಲ್ಲಿ ಅಪ್ಪ ನಾಣ್ಯವನ್ನು ಹೊದಿಕೆಯ ಮೇಲೆ ಬಿಟ್ಟು ಎರಡು ಕೈಯನ್ನೂ ಅವಳ ಕಡೆಗೆ ಚಾಚಿದ. ಗಲ್ಲದ ಕೆಳಗೆ ಒಂದು, ನೆತ್ತಿಯ ಪಕ್ಕ ಒಂದು. ಮುಖದ ಅಂಚುಗಳನ್ನು ಮಾತ್ರ ಹಿಡಿದು, ಮೆಲ್ಲಗೆ ಬಿಸಿಲಿಗೆ ಓರೆ ಮಾಡಿದ. ಇಷ್ಟು ಹತ್ತಿರದಿಂದ ಅವನು ಈ ಮುಖವನ್ನು ನೋಡಿದ್ದು ಅವಳಿಗೆ ತಿಳಿದಂತೆ ಇದೇ ಮೊದಲು. ಮೊದಲು ಕೆನ್ನೆ. ಅವಳು ಉಸಿರು ಹಿಡಿದಳು, ಅವನ ಮುಂದಿನ ಮಾತು ಉಸಿರು ತಾಗಿ ಕೆಡಬಹುದೆಂಬಂತೆ.

'ಇದೇನಾಯ್ತು ಮರಿ ಇಲ್ಲಿ?' ಅಂದ.

ಹೇಳು. ಈಗ ಹೇಳು.

'ಆಡ್ತಾ ಬಿದ್ದೆ,' ಅಂದಿತು ಅವಳ ಬಾಯಿ.

'ನೋಡ್ಕೊಂಡು ಆಡ್ಬೇಕು,' ಅಂದ ಅಪ್ಪ, ನಂಬಿ. ಪೂರ್ತಿ ನಂಬಿ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಎಂಜಲು ಮಾಡಿಕೊಂಡ. ಆ ಒಂದನ್ನು ಬಿಟ್ಟರೆ ಯಾವ ನಾಣ್ಯದ ಮುಖವನ್ನೂ ಎಂದೂ ಮುಟ್ಟದ ಆ ಹೆಬ್ಬೆರಳು ಅಂಚು ಬಿಟ್ಟು ಒಳಗೆ ಬಂತು. ಕಿವಿಯ ಬುಡದಿಂದ ತುಟಿಯವರೆಗೆ, ಚಿಕ್ಕ ಚಿಕ್ಕ ಸುತ್ತುಗಳಲ್ಲಿ, ಕೊಳೆ ಒರೆಸುವಂತೆ ಆ ಗೆರೆಯನ್ನು ಉಜ್ಜತೊಡಗಿತು. ಉಜ್ಜಬೇಡ ಅಪ್ಪ, ಉಜ್ಜಿದರೆ ಹೋಗುವುದಲ್ಲ ಅದು, ಉಜ್ಜಿದ್ದಕ್ಕೆ ನಂಬರಿಲ್ಲ ಎಂದು ನೀನೇ ಅಲ್ಲವೇ ಕಲಿಸಿದ್ದು ಎಂದು ಹೇಳಬೇಕಿತ್ತು. ಅವನ ಕೈ ಸೋಲುವವರೆಗೂ ಮುಖ ಒಡ್ಡಿಕೊಂಡು ಕೂತಳು.